ದನಿ ಕೊಟ್ಟು ತೋಳು ತಂದವರು

ಲಂಡನ್ನಿನ ಕನ್ನಡಿಗರಲ್ಲಿ ನಾನು ಅಣಕಿಸದೆ ಬಿಟ್ಟವರು ಕಡಿಮೆ. ಮೈಕು ಹಿಡಿದ ಕೂಡಲೇ ಕೆಮ್ಮು ಬರಿಸಿಕೊಳ್ಳುವ ಸಂಘದ ಅಧ್ಯಕ್ಷರು, ಗಣೇಶನ ಪೂಜೆಯ ಮಂತ್ರದ ಮಧ್ಯೆಯೇ ಕಾರು ಎಲ್ಲಿ ನಿಲ್ಲಿಸಿದಿರಿ ಎಂದು ಕೇಳುವ ಪುರೋಹಿತರು, ಇಂಗ್ಲಿಷರು ಎದುರಿಗಿದ್ದಾಗ ಮಾತ್ರ ಮೂಗಿನಿಂದ ಇಂಗ್ಲಿಷ್ ತೆಗೆಯುವ ನಮ್ಮ ಚಿಕ್ಕಪ್ಪ, ಟ್ಯೂಬ್ ರೈಲಿನ ಬಾಗಿಲು ಮುಚ್ಚುವಾಗ ಎಚ್ಚರಿಕೆ ಹೇಳುವ ಅಶರೀರವಾಣಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ನನ್ನನ್ನೂ ಬಿಟ್ಟಿಲ್ಲ. ಇಂಟರ್‌ವ್ಯೂಗೆ ಕೂತ ಮೈಸೂರಿನ ಹುಡುಗ ಪ್ರತಿ ಉತ್ತರಕ್ಕೂ ಮುಂಚೆ 'ಆಕ್ಚುಯಲಿ' ಎಂದು ನಾಲಿಗೆ ಒದ್ದೆ ಮಾಡಿಕೊಳ್ಳುವುದನ್ನು ನಾನು ಬಹಳ ಚೆನ್ನಾಗಿ ಮಾಡುತ್ತೇನೆ. ಅಷ್ಟು ಸಲ ಕೂತಿದ್ದೇನೆ.

ಆದರೆ ಇದೆಲ್ಲ ಹವ್ಯಾಸ. ಕೆಲಸ ಅಂತ, ಅದೂ ಭಾನುವಾರ ರಜೆಯಿಲ್ಲದ ಕೆಲಸ ಅಂತ ನಾನು ಅನುಕರಿಸಿದ್ದು ಒಬ್ಬರನ್ನೇ. ಹೋದ ತಿಂಗಳು ಅವರು ಆಸ್ಪತ್ರೆಯಿಂದ ನಿವೃತ್ತರಾದರು. ಆ ಸಮಾರಂಭದಲ್ಲಿ ನನ್ನ ಬಾಯಿಂದ ಆದ ಅನಾಹುತದ ಬಗ್ಗೆ ಲಂಡನ್ನಿನ ಈ ತುದಿಯ ಪಿನ್ನರಿನಿಂದ ಆ ತುದಿಯ ಕ್ರಾಯ್ಡನ್‌ವರೆಗೆ ಬೇರೆಬೇರೆ ಕಥೆಗಳು ಓಡಾಡುತ್ತಿವೆ. ಸರಿಯಾದದ್ದನ್ನು ನಾನೇ ಬರೆಯುವುದು ಒಳ್ಳೆಯದು.

ಡಾಕ್ಟರುಗಳೇ ತುಂಬಿ ತುಳುಕುವ ನಮ್ಮ ಸಂಘದಲ್ಲಿ 'ಡಾಕ್ಟ್ರೇ' ಎಂದು ಕೂಗಿದರೆ ಅರ್ಧ ಸಭಾಂಗಣ ತಿರುಗಿ ನೋಡಬೇಕು. ಆದರೆ ನಮ್ಮ ತಂಡದವರ ಬಾಯಲ್ಲಿ ಡಾಕ್ಟ್ರು ಅಂದರೆ ಇವರೊಬ್ಬರೇ. ಧಾರವಾಡದವರು. ಅರಿವಳಿಕೆ ತಜ್ಞರು, ಅಂದರೆ ಆಪರೇಷನ್ನಿಗೆ ಮುಂಚೆ ರೋಗಿಯನ್ನು ಮಲಗಿಸುವವರು. ಆ ಕೆಲಸಕ್ಕೆ ಅವರು ಔಷಧವನ್ನು ಯಾಕೆ ಬಳಸುತ್ತಿದ್ದರೋ ನನಗೆ ಗೊತ್ತಿಲ್ಲ. ಅವರ ದನಿಯೊಂದೇ ಸಾಕಾಗಿತ್ತು. ಎದೆಯಿಂದ ಹೊರಟ ಮಾತು ಗಂಟಲಲ್ಲಿ ಸ್ವಲ್ಪ ಕೂತು, ತುಟಿಯ ಹತ್ತಿರ ಬಂದು, ಹೊರಗೆ ಚಳಿ ನೋಡಿ ವಾಪಸು ಹೋಗುವಂಥ ದನಿ. ಅವರು ಫೋನು ಮಾಡಿದರೆ ಲೈನು ಸತ್ತಿದೆ ಎಂದುಕೊಂಡು ಜನ ಇಟ್ಟುಬಿಡುತ್ತಿದ್ದರು. ಅವರ ಹೆಂಡತಿಯನ್ನು ನಾವೆಲ್ಲ ವೈನಿ ಅನ್ನುತ್ತಿದ್ದೆವು. ಮದುವೆಯಾಗಿ ಆರು ತಿಂಗಳ ತನಕ ಈ ಮನುಷ್ಯ ತನ್ನ ಮೇಲೆ ಸಿಟ್ಟಾಗಿದ್ದಾರೆ ಅಂತಲೇ ತಾನು ತಿಳಿದಿದ್ದೆ ಎಂದು ವೈನಿ ಎಲ್ಲರೆದುರೂ ಹೇಳುತ್ತಿದ್ದರು.

ಇಂಥವರು ಒಂದು ಬೇಸ್‌ಬಾಲ್ ತಂಡ ಕಟ್ಟಿದ್ದರು.

ಹೌದು, ಬೇಸ್‌ಬಾಲ್. ಲಂಡನ್ನಿಗೆ ಬರುವ ಮುಂಚೆ ಎರಡು ವರ್ಷ ಅಮೆರಿಕದ ಆಸ್ಪತ್ರೆಯೊಂದರಲ್ಲಿದ್ದಾಗ ಹತ್ತಿದ ಹುಚ್ಚು. ನಮ್ಮವರಿಗೆ ಕ್ರಿಕೆಟ್ ಆಡಬೇಕು ಅಂತ ಆಸೆ. ಆದರೆ ಪಶ್ಚಿಮ ಲಂಡನ್ನಿನ ಪ್ರತಿ ಹುಲ್ಲುಗರಿಕೆಯ ಮೇಲೂ ಯಾವುದಾದರೂ ಗುಜರಾತಿ ಇಲೆವೆನ್, ಪಂಜಾಬಿ ಇಲೆವೆನ್ ಮೊದಲೇ ನಿಂತಿರುತ್ತಿತ್ತು. ಪಾರ್ಕ್ ರಾಯಲ್ಲಿನ ಗೋದಾಮುಗಳ ಹಿಂದೆ ಒಂದು ಬೇಸ್‌ಬಾಲ್ ಅಂಗಳ ಮಾತ್ರ ಖಾಲಿ ಬಿದ್ದಿತ್ತು. ಡಾಕ್ಟ್ರು ನಮ್ಮನ್ನು ಅಲ್ಲಿ ನಿಲ್ಲಿಸಿ, ಇದು ಅಮೆರಿಕದ ಚಿಣಿಫಣಿ, ನಿಮ್ಮ ಮೈಯಾಗ ಮೊದಲ ಅದ ಎಂದರು. ನಾನು ನಮ್ಮ ಮೈಸೂರಿನಲ್ಲಿ ಅದಕ್ಕೆ ಚಿನ್ನಿದಾಂಡು ಅಂತೀವಿ ಎಂದೆ. ಹಂಗಂದ್ರ ನಿನ್ನ ಮೈಯಾಗ ಇಲ್ಲ ಬಿಡು ಎಂದರು. ಮುಂದೆ ಅದೂ ನಿಜವೇ ಆಯಿತು.

ಗೊತ್ತಿಲ್ಲದವರಿಗೆ ಆಟ ಇಷ್ಟೇ: ಚೆಂಡನ್ನು ಹೊಡೆದು, ಮೂರು ಬೇಸುಗಳನ್ನು ಒಂದೊಂದಾಗಿ ಮುಟ್ಟಿ, ಹೊರಟ ಜಾಗಕ್ಕೆ ಮರಳಿ ಬಂದರೆ ಒಂದು ಅಂಕ. ಆ ಹೊರಟ ಜಾಗವನ್ನು ಅವರು 'ಹೋಮ್' ಅನ್ನುತ್ತಾರೆ, ಡಾಕ್ಟ್ರು 'ಮನಿ' ಅನ್ನುತ್ತಿದ್ದರು. ಓಡಬೇಕೋ ನಿಲ್ಲಬೇಕೋ ಎಂದು ಬೇಸಿನ ಮೇಲಿರುವವನಿಗೆ ಹೇಳುವುದು ಮ್ಯಾನೇಜರ ಕೆಲಸ. ಬೇರೆ ತಂಡಗಳವರು ಇದಕ್ಕೆ ಕಿವಿ ಮುಟ್ಟಿ, ಮೂಗು ಮುಟ್ಟಿ ಗುಟ್ಟಿನ ಸನ್ನೆ ಮಾಡುತ್ತಿದ್ದರು. ನಮಗೆ ಆ ಕಷ್ಟವೇ ಇರಲಿಲ್ಲ. ಲೀಗಿನಲ್ಲಿ ಯಾರಿಗೂ ಕನ್ನಡ ಬಾರದು. 'ಚಹಾ ಕುಡಿ' ಅಂದರೆ ಅಲ್ಲೇ ನಿಲ್ಲು. 'ಮನಿಗೆ ಬಾ' ಅಂದರೆ ಓಡು.

ಒಂದೇ ತೊಂದರೆ. ಡಾಕ್ಟ್ರು 'ಮನಿಗೆ ಬಾ' ಅಂದರೆ ಪಕ್ಕದಲ್ಲಿ ಕೂತ ನನಗೇ ಕೇಳುತ್ತಿರಲಿಲ್ಲ, ತುಟಿ ನೋಡಿ ತಿಳಿಯಬೇಕಾಗಿತ್ತು. ಒಂದು ಭಾನುವಾರ ಬೇಸರವಾಗಿ, ಅವರು ಗೊಣಗಿದ್ದನ್ನೇ ಅವರ ರಾಗದಲ್ಲಿ, ಅದರ ಹತ್ತರಷ್ಟು ಜೋರಾಗಿ ಕೂಗಿದೆ. ಬೇಸಿನ ಮೇಲಿದ್ದವನು ಬಾಣದ ಹಾಗೆ ಓಡಿ ಅಂಕ ತಂದ. ಡಾಕ್ಟ್ರು ನನ್ನತ್ತ ತಿರುಗಿ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ತುಟಿ ಅಲ್ಲಾಡಿಸಿದರು: "ಇನ್ನೊಮ್ಮೆ ಅನ್ನು."

ಅಂದಿನಿಂದ ನನ್ನ ಜಾಗ ಬೆಂಚಿನಲ್ಲಿ ಅವರ ಎಡಗಡೆ ಎಂದಾಯಿತು. ಅವರು ಗೊಣಗುವುದು, ನಾನು ಕೂಗುವುದು. ವಾರದ ದಿನಗಳಲ್ಲಿ ನಾನು ಅದೇ ಪಾರ್ಕ್ ರಾಯಲ್ಲಿನ ಒಂದು ಕುರುಕಲು ತಿಂಡಿ ಕಾರ್ಖಾನೆಯಲ್ಲಿ ಗುಮಾಸ್ತ. ಭಾನುವಾರ ಧಾರವಾಡದ ಧ್ವನಿವರ್ಧಕ. ತಂಡದವರಿಗೆ ಕ್ರಮೇಣ ನನ್ನ ಕೂಗೇ ಡಾಕ್ಟರ ದನಿಯಾಯಿತು. ಅದರಲ್ಲೂ ಹಿರೇಮಠರಿಗೆ. ಅವರು ವಿಜಯಪುರದ ಕಡೆಯ ಔಷಧದಂಗಡಿಯವರು, ನಡೆದರೆ ಭೂಮಿಗೆ ಗೊತ್ತಾಗುವಂಥ ಆಳು. ಸ್ವಂತ ಬುದ್ಧಿಯಿಂದ ಒಂದು ಹೆಜ್ಜೆ ಇಟ್ಟವರಲ್ಲ. ಚಿಟ್ಟೆ ಬಂದು ಮೂಗಿನ ಮೇಲೆ ಕೂತರೂ ಓಡಿಸಬಹುದೇ ಎಂದು ಬೆಂಚಿನತ್ತ ನೋಡುತ್ತಿದ್ದರು.

ಆಟಗಾರನಾಗಿ ನನ್ನ ವಿಷಯ ಹೇಳುವುದಾದರೆ, ನಾನು ಬ್ಯಾಟು ಬೀಸಿದರೆ ಎದುರಿನವರಿಗೆ ಒಳ್ಳೆಯ ಗಾಳಿ ಸಿಗುತ್ತಿತ್ತು. ಔಟಾಗಿ ಮರಳಿದಾಗ ಡಾಕ್ಟ್ರು ಏನೂ ಅನ್ನದೆ ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ ನಾಡಿ ಎಣಿಸಿ, "ಜೀವ ಅದ" ಎಂದು ಕೈ ಬಿಡುತ್ತಿದ್ದರು. ಎಲ್ಲರಿಗೂ ಹಾಗೇ. ಗೆದ್ದವನ ಕೈಯನ್ನೂ ಹಿಡಿಯುವುದು, ಸೋತವನ ಕೈಯನ್ನೂ ಹಿಡಿಯುವುದು, "ಜೀವ ಅದ." ಟ್ರ್ಯಾಕ್‌ಸೂಟಿನ ಒಳಗೆ ಟೈ ಕಟ್ಟಿಕೊಂಡೇ ಬರುತ್ತಿದ್ದ ಈ ಮನುಷ್ಯನ ಅತಿದೊಡ್ಡ ಪ್ರಶಂಸೆ ಅದು.

ಇನ್ನು ಈ ಜೋಡಿ ಮುರಿದ ಬೇಸಿಗೆಗೆ ಬರುತ್ತೇನೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಅಂಗಳದ ಮೇಲೆ ಗೋದಾಮು ಕಟ್ಟುತ್ತಾರೆ, ಮುಂದಿನ ವರ್ಷ ಜಾಗ ಇಲ್ಲ ಎಂಬ ಸುದ್ದಿ ಬಂತು. ಅಂದರೆ ಅದೇ ನಮ್ಮ ಕೊನೆಯ ಸೀಸನ್. ಡಾಕ್ಟರಿಗೆ ಒಂದೇ ಆಸೆ ಇತ್ತು. ಗೆಲ್ಲುವುದು ಬೇಡ, ಒಂದು ಸಲ ಫೈನಲ್ ತಲುಪಬೇಕು. ತಂಡ ಕಟ್ಟಿದಾಗಿನಿಂದ ಇದ್ದ ಆಸೆ. ಈಗ ಒಂದೇ ಬೇಸಿಗೆ ಉಳಿದಿತ್ತು.

ನಮ್ಮ ಲೀಗಿನಲ್ಲಿ ಅಮೆರಿಕದವರಿಂದ ಕಲಿತ ಒಂದು ನಿಯಮವಿತ್ತು. ಸೀಸನ್ನಿನ ನಡುವೆ, ಜುಲೈ ಕೊನೆಯ ಭಾನುವಾರದ ಸಂಜೆಯವರೆಗೆ, ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಆಮೇಲೆ ಇಲ್ಲ. ನಾವು ಅದುವರೆಗೆ ಯಾರನ್ನೂ ಕೊಟ್ಟವರಲ್ಲ, ತಂದವರೂ ಅಲ್ಲ. ನಮ್ಮವರನ್ನು ಯಾರೂ ಕೇಳಿಯೂ ಇರಲಿಲ್ಲ. ಆ ವರ್ಷ ಮಾತ್ರ ಪೂರ್ವ ಲಂಡನ್ನಿನ ಕ್ಯಾನರಿ ವಾರ್ಫಿನ ಬ್ಯಾಂಕೊಂದರ ತಂಡದಿಂದ ಮಾತು ಬಂತು. ಅವರ ಮ್ಯಾನೇಜರು ಚೂಯಿಂಗ್ ಗಮ್ ಅಗಿಯುವ ಒಬ್ಬ ಅಮೆರಿಕನ್. ಅವರಲ್ಲಿ ಆರಡಿಗೂ ಮೀರಿದ ಒಬ್ಬ ಆಸ್ಟ್ರೇಲಿಯನ್ ಹುಡುಗನಿದ್ದ. ಅವನು ಎಸೆದ ಚೆಂಡು ಬ್ಯಾಟಿನವನಿಗೆ ಕಾಣುವ ಮುಂಚೆ ಹಿಂದಿನವನ ಗ್ಲೌಸಿನಲ್ಲಿರುತ್ತಿತ್ತು. ಅವನಿಗೆ ನಮ್ಮ ಕಡೆಯೇ ಹೊಸ ಕೆಲಸ ಸಿಕ್ಕಿ, ವಾರವಾರ ಅಷ್ಟು ದೂರ ಹೋಗುವುದು ಕಷ್ಟವಾಗಿತ್ತು. ಹೇಗೂ ಕೈಬಿಡುವವನು, ಒಬ್ಬನನ್ನು ಕೊಟ್ಟು ಇವನನ್ನು ತೆಗೆದುಕೊಳ್ಳಿ ಎಂದ ಅಮೆರಿಕನ್. ಯಾರು ಬೇಕು ಎಂದು ಡಾಕ್ಟ್ರು ಕೇಳಿದ್ದಕ್ಕೆ ಅವನು ನನ್ನ ಹೆಸರು ಹೇಳಿದನಂತೆ.

ಡಾಕ್ಟ್ರು ಎರಡು ಸಲ ಕೇಳಿ ಖಚಿತ ಮಾಡಿಕೊಂಡರಂತೆ. ಅವನಿಗೆ ಮೊದಲ ಸಲ ಕೇಳಿಸಿರಲಿಕ್ಕಿಲ್ಲ, ಆ ಮಾತು ಬೇರೆ.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಡಾಕ್ಟರ ಕಾರು ನಮ್ಮ ಕಾರ್ಖಾನೆಯ ಗೇಟಿಗೆ ಬಂತು. ಕಾರೊಳಗೆ ಕೂರಿಸಿಕೊಂಡು ಮೊದಲು ನನ್ನ ನಾಡಿ ಹಿಡಿದರು. ಅಡುಗೆಮನೆಯ ಕಡೆಯಿಂದ ಇಂಗಿನ ಗಾಳಿ ಬೀಸುತ್ತಿತ್ತು. ಮಣಿಕಟ್ಟು ಬಿಟ್ಟು, "ತಮ್ಮಾ, ನಿನಗ ಒಂದು ಛಲೋ ಮನಿ ನೋಡೇನಿ," ಎಂದರು.

ಬಾಡಿಗೆ ಮನೆಯೋ ಅಂದುಕೊಂಡೆ. ಮಂದಿ ಒಳ್ಳೆಯವರು, ಬ್ಯಾಂಕಿನಲ್ಲಿರೋರು, ನದಿ ದಂಡೆಯ ಮೇಲೆ ಅಂಗಳ, ಆಟ ಮುಗಿದ ಮೇಲೆ ಸ್ಯಾಂಡ್‌ವಿಚ್ ಕೊಡ್ತಾರ ಎಂದು ಒಂದೊಂದೇ ವರ್ಣಿಸಿದರು. ನಿಧಾನವಾಗಿ ನನಗೆ ಅರ್ಥವಾಯಿತು.

"ಡಾಕ್ಟ್ರೇ, ನನ್ನನ್ನ ಮಾರ್ತಾ ಇದ್ದೀರಾ?"

"ಛೇ, ಮಾರೂದು ಅನಬ್ಯಾಡ. ಕೊಟ್ಟು ತರೂದು."

ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧಕ್ಕೆ ಅವರ ಕಡೆ ಹೇಳುವ ಮಾತು ಅದು. ನಾನು ನಗಬೇಕೋ ಅಳಬೇಕೋ ತಿಳಿಯದೆ, ಅವರದೇ ದನಿಯಲ್ಲಿ "ಹುಡುಗಿ ಒಪ್ಪಬೇಕಲ್ಲಪಾ" ಎಂದೆ. ಅವರು ನಗಲಿಲ್ಲ. ನೀನು ಬೇಡ ಅಂದರೆ ಬೇಡ ಎಂದರು. ನಿಜವಾಗಿಯೂ ಬಿಡುತ್ತಿದ್ದರು, ಗೊತ್ತಿತ್ತು. ಆದರೆ ಹೇಳುವಾಗ ಅವರ ಕಣ್ಣು ರಸ್ತೆಯಾಚೆಗಿನ ಆ ಅಂಗಳದ ದಿಕ್ಕಿಗಿತ್ತು. ನನಗೆ ಒಳಗೊಳಗೆ ಉರಿಯುತ್ತಿತ್ತು. ಬೆಂಚಿನಲ್ಲಿ ಇಷ್ಟು ದಿನ ಇವರ ಗಂಟಲಾಗಿದ್ದು ಲೆಕ್ಕಕ್ಕೇ ಬರಲಿಲ್ಲ, ಬ್ಯಾಟು ಬೀಸಲು ಬಾರದ್ದು ಮಾತ್ರ ಬಂತು. ಆದರೂ ಆಗಲಿ ಎಂದೆ.

ಕೊನೆಯ ಭಾನುವಾರ ಪಿನ್ನರಿನ ಅವರ ಮನೆಯಲ್ಲಿ ತಂಡಕ್ಕೆಲ್ಲ ಗಿರ್ಮಿಟ್ಟು, ಮಿರ್ಚಿ ಭಜಿ. ಡಾಕ್ಟ್ರು ಒಂದು ಚಿಕ್ಕ ಭಾಷಣ ಮಾಡಿದರು. ಹಿರೇಮಠರಿಗೆ ನಿದ್ದೆ ಬಂತು. ಭಾಷಣವನ್ನು ನಾನೇ ಮತ್ತೊಮ್ಮೆ ಕೂಗಿ ಹೇಳಿದೆ. ನನ್ನನ್ನು ಕೊಡುವ ಭಾಷಣ ನಾನೇ ಮಾಡಿದ ಹಾಗಾಯಿತು. ಈ ಕೊಟ್ಟು ತರುವುದೇ ಬೇಡ ಎಂದು ಬೆಳಗಿನಿಂದ ಹೇಳುತ್ತಿದ್ದ ವೈನಿಯ ಕಿವಿಯಲ್ಲಿ ಡಾಕ್ಟ್ರು ಅಷ್ಟರಲ್ಲಿ ಏನೋ ಅಂದರು. ವೈನಿ ಹಣೆ ಚಚ್ಚಿಕೊಂಡರು.

"ಗಂಡಸರಿಗೆ ಯಾರರೇ ಉಡಿ ತುಂಬ್ತಾರೇನ್ರೀ?"

"ಕೊಟ್ಟು ಕಳಸೂದು ಅಂದಮ್ಯಾಲ ಬರಿಗೈಲೆ ಹ್ಯಾಂಗ ಕಳಸೂದು?"

ನಮ್ಮ ಮೈಸೂರು ಕಡೆ ಮಡಿಲಕ್ಕಿ ಕಟ್ಟುವುದು ಎನ್ನುತ್ತೇವೆ, ಅವರಲ್ಲಿ ಉಡಿ ತುಂಬುವುದು. ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಸಿನ ಕೊಂಬು ಹಾಕಿ ಕಳಿಸುವ ಪದ್ಧತಿ. ನನಗೆ ಸೆರಗಿರಲಿಲ್ಲ. ಹೊಸ ತಂಡಕ್ಕೆ ಒಯ್ಯಲು ಇಟ್ಟಿದ್ದ ಚರ್ಮದ ಗ್ಲೌಸನ್ನೇ ಒಡ್ಡಿದೆ. ವೈನಿ ನಗು ತಡೆಯುತ್ತ ಅದರೊಳಗೆ ಬೊಗಸೆ ಅಕ್ಕಿ ಸುರಿದರು, ಕೊಬ್ಬರಿ ಬಟ್ಟಲು ಇಟ್ಟರು. ಹಿರೇಮಠರು ಕಣ್ಣೊರೆಸಿಕೊಂಡರು, ಮಿರ್ಚಿಯ ಖಾರ ಎಂದರು. ನಾನು ಮದುಮಗಳ ಹಾಗೆ ಬಾಗಿಲಲ್ಲಿ ತಿರುಗಿ ನೋಡಿ ಬಿಕ್ಕಿದೆ. ಎಲ್ಲರೂ ನಕ್ಕರು. ಮೆಟ್ರೋಪಾಲಿಟನ್ ಲೈನಿನ ರೈಲಿನಲ್ಲಿ ಕೂತಾಗ ನೋಡಿದರೆ ಬಿಕ್ಕು ಇನ್ನೂ ನಿಂತಿರಲಿಲ್ಲ. ಅಭಿನಯದಲ್ಲಿ ತಲ್ಲೀನತೆ ಜಾಸ್ತಿ ಆದರೆ ಹಾಗಾಗುತ್ತದೆ.

ಹೊಸ ಮನೆಯಲ್ಲಿ ಮೊದಲ ಪಂದ್ಯದ ದಿನ ಚೆಂಡು ಬಂದು ನನ್ನ ಗ್ಲೌಸಿಗೆ ಬಡಿಯಿತು; ಬೆರಳ ಸಂದಿಯಲ್ಲಿ ಉಳಿದಿದ್ದ ಅಕ್ಕಿಯೆಲ್ಲ ಪುರ್ರನೆ ಹಾರಿತು. ಅಂಪೈರು ಆಟ ನಿಲ್ಲಿಸಿ, ಬಗ್ಗಿ ಒಂದು ಕಾಳು ಎತ್ತಿ ನೋಡಿದ. ಯಾರದು ಮದುವೆ ಎಂದು ಕೇಳಿದ. ನನ್ನದೇ ಎಂದೆ.

ಅಮೆರಿಕನ್ ಅಂದೇ ನನ್ನನ್ನು ಪಕ್ಕಕ್ಕೆ ಕರೆದು ವಿಷಯಕ್ಕೆ ಬಂದ. ಅವನಿಗೆ ನನ್ನ ಬ್ಯಾಟು ಬೇಕಿರಲಿಲ್ಲ. ಆ ಕಡೆಯ ಬೆಂಚಿನಲ್ಲಿ ಇಡೀ ತಂಡವನ್ನು ನಡೆಸುವುದು ಒಂದೇ ಗಂಟಲು ಎಂದು ಅವನು ಮೇ ತಿಂಗಳಿಂದ ಗಮನಿಸಿದ್ದ. ಅದನ್ನು ಅಲ್ಲಿಂದ ಕಿತ್ತರೆ ಸಾಕಾಗಿತ್ತು. ಇಷ್ಟು ವರ್ಷದಲ್ಲಿ ನನ್ನ ಬೆಲೆ ಸರಿಯಾಗಿ ಕಟ್ಟಿದವನು ಅವನೊಬ್ಬನೇ. ಅದೂ ನನ್ನ ಬಾಯಿ ಮುಚ್ಚಿಸಲು. ಜೊತೆಗೆ, ನೀವು ಕೂಗುತ್ತಿದ್ದ ಆ ಗುಟ್ಟಿನ ಮಾತುಗಳ ಅರ್ಥವೇನು ಎಂದೂ ಕೇಳಿದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಒಂದು 'ಮನೆಗೆ ಬಾ', ಇನ್ನೊಂದು 'ಚಹಾ ಕುಡಿ'. ಅವನು ಅಗಿಯುವುದು ನಿಲ್ಲಿಸಿ ನನ್ನ ಮುಖ ನೋಡಿದ. ಹಳೆಯ ತಂಡಕ್ಕೆ ಇಷ್ಟು ನಿಷ್ಠೆ ಇರುವವರನ್ನು ಮೆಚ್ಚುತ್ತೇನೆ ಎಂದು ಬೆನ್ನು ತಟ್ಟಿ ಹೋದ.

ಆಗಸ್ಟಿನಲ್ಲಿ ನಾಗರ ಪಂಚಮಿ ಬಂತು. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವುದು ಗೌರಿ ಹಬ್ಬಕ್ಕೆ, ಅವರ ಕಡೆ ಪಂಚಮಿಗೆ. ಡಾಕ್ಟ್ರು ತಾವೇ ನಾನಿದ್ದ ಚಿಕ್ಕಪ್ಪನ ಫ್ಲಾಟಿಗೆ ಬಂದು, ಚಿಕ್ಕಪ್ಪನೆದುರು ಕೂತು, ಹಬ್ಬಕ್ಕ ಕರಕೊಂಡು ಹೋಗ್ಲಿಕ್ಕೆ ಬಂದೀನಿ ಎಂದರು. ಚಿಕ್ಕಪ್ಪನಿಗೆ ಕೇಳಿಸಲಿಲ್ಲ, ಜಿಪಿ ಡಾಕ್ಟರು ಏನಾದರೂ ರಿಪೋರ್ಟು ಕಳಿಸಿದರೇ ಎಂದು ಗಾಬರಿಯಾದರು.

ಪಿನ್ನರಿನ ಹಿತ್ತಲ ಸೇಬಿನ ಮರಕ್ಕೆ ವೈನಿ ಜೋಕಾಲಿ ಕಟ್ಟಿಸಿದ್ದರು. ನಾನು ತೂಗಿಕೊಳ್ಳುತ್ತ ಶೇಂಗಾ ಉಂಡಿ ತಿನ್ನುತ್ತಿರುವಾಗ ತವರಿನ ಸುಖದುಃಖ ಹೊರಬಿತ್ತು. ಆಸ್ಟ್ರೇಲಿಯನ್ನನ ಕೈಯಿಂದಾಗಿ ಎದುರಾಳಿಗಳು ಹೊಡೆಯುವುದೇ ನಿಂತಿತ್ತು, ಪಂದ್ಯಗಳನ್ನು ಗೆದ್ದಿದ್ದರು, ಸೆಮಿಫೈನಲ್ ಸಿಕ್ಕಿತ್ತು. ಆದರೆ ನಮ್ಮವರು ಬೇಸಿನ ಮೇಲೆ ನಿಂತರೆ ಅಲ್ಲೇ ನಿಂತಿರುತ್ತಿದ್ದರು. ಡಾಕ್ಟರ ಮಾತು ಯಾರಿಗೂ ಮುಟ್ಟುತ್ತಿರಲಿಲ್ಲ. ಒಂದು ಸಲ ಇಬ್ಬರು ಒಂದೇ ಬೇಸಿಗೆ ಬಂದು ಸೇರಿ, ನೀನು ಇಳಿ, ನೀನು ಇಳಿ ಎಂದು ಬಸ್ಸಿನ ಸೀಟಿನ ಹಾಗೆ ಜಗಳವಾಡಿದ್ದರು. ಡಾಕ್ಟ್ರು ಒಂದು ಪೀಪಿ ತಂದರು. ಪಕ್ಕದ ಅಂಗಳದ ಫುಟ್‌ಬಾಲಿನವರು ಆಟ ನಿಲ್ಲಿಸಿದರು. ಒಂದು ಕೈಮೈಕು ತಂದರು. ಅದರೊಳಗಿಂದ ಅವರ ದನಿ ಪ್ಲಾಟ್‌ಫಾರಂ ಬದಲಾದ ರೈಲಿನ ಪ್ರಕಟಣೆಯ ಹಾಗೆ ಹೊರಟು, ಆಟಗಾರರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾ ಅವತ್ತ ಹೇಳಿದ್ದೆ," ಎಂದು ವೈನಿ ನನ್ನ ತಟ್ಟೆಗೆ ಇನ್ನೊಂದು ಉಂಡಿ ಹಾಕಿದರು. "ದನಿ ಕೊಟ್ಟು ತೋಳು ತಂದ್ರು ನಿಮ್ಮ ಡಾಕ್ಟ್ರು."

ಡಾಕ್ಟ್ರು ಸೇಬಿನ ಮರ ನೋಡಿದರು. "ತೋಳು ಛಲೋ ಅದ," ಎಂದರು.

ಅಷ್ಟೇ. ತಪ್ಪಾಯಿತು ಎಂಬ ಒಂದು ಮಾತಿಗಾಗಿ ನಾನು ಕಾದಿದ್ದೆ. ಬರಲಿಲ್ಲ. ಹೊರಡುವಾಗ ಉಂಡಿಯ ಡಬ್ಬಿ ಕೊಟ್ಟು, ನಾಡಿ ಹಿಡಿದು, ಅಲ್ಲಿ ಬರೋಬ್ಬರಿ ನೋಡ್ಕೋತಾರೇನು ಎಂದು ಕೇಳಿದರು. ಸ್ಯಾಂಡ್‌ವಿಚ್ಚು ತಣ್ಣಗಿರುತ್ತದೆ ಎಂದೆ. ರಾತ್ರಿಯೆಲ್ಲ ಆ ಮಾತಿಗೆ ಅವರಿಗೆ ನಿದ್ದೆ ಬರಲಿಲ್ಲವಂತೆ.

ಸೆಮಿಫೈನಲ್ ಯಾರ ನಡುವೆ ಎಂದು ನೀವು ಊಹಿಸಿಯೇ ಇರುತ್ತೀರಿ. ಪಾರ್ಕ್ ರಾಯಲ್ಲಿನ ನಮ್ಮ ಅಂಗಳ. ಪಕ್ಕದ ಕಾರ್ಖಾನೆಯಿಂದ ಬಿಸ್ಕತ್ತು ಬೇಯುವ ವಾಸನೆ. ಬೇಲಿಯಾಚೆ ಬುಲ್ಡೋಜರು ಒಂದು ಆಗಲೇ ಬಂದು ನಿಂತಿತ್ತು. ಆಗಸ್ಟ್ ರಜೆಗೆ ಅರ್ಧ ಬ್ಯಾಂಕು ಸ್ಪೇನಿಗೆ ಹೋಗಿದ್ದರಿಂದ, ನನ್ನಂಥವನನ್ನು ಮೂರನೇ ಬೇಸಿನ ಕಾವಲಿಗೆ ನಿಲ್ಲಿಸಿದ್ದರು.

ಕೊನೆಯ ಸರದಿ. ಎರಡೂ ಕಡೆ ಅಂಕ ಸಮ. ಡಾಕ್ಟರ ತಂಡ ಬ್ಯಾಟು ಮಾಡುತ್ತಿತ್ತು. ಹಿರೇಮಠರು ಅದು ಹೇಗೋ ಮೂರನೇ ಬೇಸಿನವರೆಗೆ ಬಂದು ನನ್ನ ಪಕ್ಕದಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. ಅವರು ಅಲ್ಲಿಂದ ಮನೆ ಮುಟ್ಟಿದರೆ ಆಟ ಮುಗಿಯಿತು, ಡಾಕ್ಟ್ರು ಫೈನಲ್ಲಿಗೆ. ಬ್ಯಾಂಕಿನವನು ಎಸೆದ ಚೆಂಡು ನೆಲಕ್ಕೆ ಬಡಿದು, ಹಿಂದೆ ಕೂತವನ ಕೈತಪ್ಪಿ, ಉರುಳುತ್ತ ಉರುಳುತ್ತ ಬೇಲಿಯ ಮುಳ್ಳಿನೊಳಗೆ ಹೋಯಿತು. ಅವನು ಅದನ್ನು ಹುಡುಕುತ್ತ ಮಂಡಿಯೂರಿದ. ಹಿರೇಮಠರು ಓಡುವುದು ಬೇಡ, ಪೇಪರು ಓದುತ್ತ ನಡೆದರೂ ಮನೆ ಸೇರಬಹುದಿತ್ತು.

ಅವರು ನಿಂತೇ ಇದ್ದರು. ಬೆಂಚಿನತ್ತ ನೋಡುತ್ತಿದ್ದರು.

ಬೆಂಚಿನಲ್ಲಿ ಡಾಕ್ಟರ ತುಟಿ ಅಲ್ಲಾಡಿತು. 'ಮನಿಗೆ ಬಾ.' ಇಡೀ ಅಂಗಳದಲ್ಲಿ ಅದನ್ನು ಓದಬಲ್ಲವನು ನಾನೊಬ್ಬ. ನನಗರಿವಿಲ್ಲದೆಯೇ ಗಂಟಲು ಸರಿಹೋಯಿತು, ಎದೆಯಲ್ಲಿ ಗಾಳಿ ತುಂಬಿತು, ಬಾಯಿ ತೆರೆಯಿತು.

ಡಾಕ್ಟ್ರು ನನ್ನನ್ನು ನೋಡಿದರು. ತುಟಿಯ ಮೇಲೆ ಬೆರಳಿಟ್ಟು ತಲೆಯಲ್ಲಾಡಿಸಿದರು.

ಆಮೇಲೆ ಎದ್ದು ನಿಂತು, ಟೈ ಸಡಿಲಿಸಿ, ಜನ್ಮದಲ್ಲೇ ಮೊದಲ ಸಲ ಅವರು ಕೂಗಿದರು.

ಅದು ಎಂಥ ದನಿ ಎಂದರೆ, ಇವತ್ತಿಗೂ ನನಗೆ ಅದನ್ನು ಮಾಡಲು ಬಂದಿಲ್ಲ. ತೆಳ್ಳಗೆ, ಎತ್ತರಕ್ಕೆ, ನಡುವೆ ಒಡೆದು, ಹಾಲಿನವನ ಹಳೆಯ ವ್ಯಾನು ಬ್ರೇಕು ಹಾಕಿದ ಹಾಗೆ: "ಮನಿಗೆ ಬಾರೋ!" ಅಂಗಳವೆಲ್ಲ ಕೇಳಿಸಿತು. ಅಮೆರಿಕನ್ ಗಮ್ ನುಂಗಿದ. ಹಿರೇಮಠರಿಗೂ ಚೆನ್ನಾಗಿಯೇ ಕೇಳಿಸಿತು. ಆದರೆ ಅವರಿಗೆ ಗೊತ್ತಿದ್ದ ಡಾಕ್ಟರ ದನಿ ಅದಲ್ಲ. ಅವರು ಹುಬ್ಬು ಗಂಟಿಕ್ಕಿ ಸುತ್ತ ನೋಡಿ, ಕೊನೆಗೆ ಎದುರಾಳಿಯಾದ ನನ್ನನ್ನೇ ಮೆಲ್ಲಗೆ ಕೇಳಿದರು:

"ಯಾರಪಾ ಅದು, ಅಷ್ಟು ಅಸಹ್ಯ ಒದರಾಕತ್ತಾರ?"

ನಾನು ಡಾಕ್ಟರ ಬೆರಳನ್ನು ನೋಡಿದೆ. ಅದು ಮತ್ತೆ ತುಟಿಯ ಮೇಲೆ ಹೋಗಿತ್ತು. ನಾನು ಏನೂ ಹೇಳಲಿಲ್ಲ. ಚೆಂಡು ಮುಳ್ಳಿನಿಂದ ಹೊರಬಂತು, ನನ್ನ ಗ್ಲೌಸಿಗೆ ಬಂತು. ಬೇಸು ಬಿಟ್ಟು ಎರಡು ಹೆಜ್ಜೆ ಈಚೆ ಬಂದು ನಿಂತಿದ್ದ ಹಿರೇಮಠರ ಹೊಟ್ಟೆಗೆ ಅದನ್ನು ಮುಟ್ಟಿಸಿದೆ. ಔಟು. ಇಡೀ ಸೀಸನ್ನಿನಲ್ಲಿ ನಾನು ಔಟು ಮಾಡಿದ್ದು ಅವರೊಬ್ಬರನ್ನೇ. ಹೆಚ್ಚುವರಿ ಸರದಿಯಲ್ಲಿ ನಾವು ಸೋತೆವು. ಅಂದರೆ, ಗೆದ್ದೆವು. ನಾವು ಯಾರು ಎಂಬುದೇ ನನಗೆ ಗೊಂದಲವಾಗಿತ್ತು.

ಎಲ್ಲರೂ ಬ್ಯಾಗು ಕಟ್ಟುತ್ತಿದ್ದಾಗ ಡಾಕ್ಟ್ರು ಬಂದು ನನ್ನ ಮಣಿಕಟ್ಟು ಹಿಡಿದರು. ಅಂದು ನಾಡಿ ಎಣಿಸಲು ಬಹಳ ಹೊತ್ತು ತೆಗೆದುಕೊಂಡರು. ಯಾಕೆ ತಡೆದಿರಿ ಎಂದು ಕೇಳಿದೆ. ಆ ಒಂದು ಕೂಗಿಗೇ ಇದ್ದ ದನಿಯೂ ಹೋಗಿತ್ತು ಅವರಿಗೆ.

"ಕೊಟ್ಟೇವಿ ನಿನ್ನ. ತವರಿನ ಸಲುವಾಗಿ ಆ ಮನ್ಯಾಗ ನಿನ್ನ ಮುಖಾ ಸಣ್ಣ ಆಗಬಾರದು."

"ಅಂದ್ರೆ ಕೊಟ್ಟಿದ್ದು ತಪ್ಪಾಯ್ತು ಅಂತೀರಾ?"

ಅವರು ಬೇಲಿಯಾಚೆಯ ಬುಲ್ಡೋಜರನ್ನು ನೋಡುತ್ತ, ಜೀವ ಅದ ಎಂದು ಕೈ ಬಿಟ್ಟರು. ನಾಲ್ಕು ಹೆಜ್ಜೆ ಹೋದವರು ತಿರುಗಿ, "ತೋಳು ಛಲೋ ಇತ್ತೋ," ಎಂದರು.

ಅಲ್ಲಿ ಈಗ ದೊಡ್ಡ ಗೋದಾಮಿದೆ. ಹಿರೇಮಠರು ಮೂರನೇ ಬೇಸಿನಲ್ಲಿ ನಿಂತಿದ್ದ ಜಾಗದಲ್ಲಿ ಲಾರಿಗಳು ನಿಲ್ಲುತ್ತವೆ. ಅವೂ ಯಾರಾದರೂ ಹೇಳುವ ತನಕ ಕದಲುವುದಿಲ್ಲ. ಪಂಚಮಿಗೆ ಮಾತ್ರ ಪ್ರತಿ ವರ್ಷ ಕರೆ ತಪ್ಪಲಿಲ್ಲ. ಪ್ರತಿ ವರ್ಷ ನಾನು ಜೋಕಾಲಿಯ ಮೇಲಿಂದ ಅದೇ ಪ್ರಶ್ನೆ ಕೇಳುವುದು, ಅವರು ತೋಳಿನ ಗುಣಗಾನ ಮಾಡುವುದು, ವೈನಿ ಹಣೆ ಚಚ್ಚಿಕೊಳ್ಳುವುದು. ಈಚೆಗೆ ನನಗೂ ಹೊಟ್ಟೆ ಬಂದು, ಸೇಬಿನ ಮರ ನರಳತೊಡಗಿತ್ತು.

ಹೋದ ತಿಂಗಳ ಬೀಳ್ಕೊಡುಗೆ ನಡೆದದ್ದು ಹ್ಯಾರೋದ ಒಂದು ಶಾಲೆಯ ಹಾಲಿನಲ್ಲಿ. ತುಂಬಿದ ಸಭೆ. ಅಧ್ಯಕ್ಷರು ಪದ್ಧತಿಯಂತೆ ಕೆಮ್ಮಿದರು, ಶಾಲು ಹೊದಿಸಿದರು. ಡಾಕ್ಟ್ರು ಮೈಕಿನ ಮುಂದೆ ನಿಂತರು. ತುಟಿ ಅಲ್ಲಾಡಿತು. ಮೈಕಿಗೂ ಕೇಳಿಸಲಿಲ್ಲ. ಹಿಂದಿನಿಂದ ಜೋರಾಗಿ, ಜೋರಾಗಿ ಎಂದರು. ಅವರು ಸಭೆಯಲ್ಲೆಲ್ಲ ಕಣ್ಣಾಡಿಸಿ, ನನ್ನನ್ನು ಕಂಡು, ಬೆರಳಲ್ಲಿ ಕರೆದರು.

ಹೋಗಿ ಎಡಗಡೆ ನಿಂತೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಹಳೆಯ ಕೆಲಸ ಶುರುವಾಯಿತು. ಅವರು ಗೊಣಗಿದರು, ನಾನು ಕೂಗಿದೆ: ಇಷ್ಟು ವರ್ಷ ಮಂದೀನ ಮಲಗಿಸಿದೆ, ಇನ್ನು ನಾನು ಮಲಗತೀನಿ. ಸಭೆ ನಕ್ಕಿತು. ನಾ ಮಲಗಿಸಿದವರೆಲ್ಲ ಹೊಳ್ಳಿ ಎದ್ದಾರ, ಅದೊಂದ ನನ್ನ ಸಾಧನೆ. ಚಪ್ಪಾಳೆ ಬಿತ್ತು. ಹಿರೇಮಠರು ಮೂರನೇ ಸಾಲಿನಲ್ಲಿ, ಆಹಾ ಇದು ನಮ್ಮ ಡಾಕ್ಟರ ದನಿ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ನನಗೆ ಲಯ ಸಿಕ್ಕಿತ್ತು. ಅವರ ಮಾತು ಕಿವಿಗೆ ಬಿದ್ದದ್ದೇ ಬಾಯಿಂದ ಹೊರಗೆ ಬರುತ್ತಿತ್ತು, ನಡುವೆ ನಾನು ಎಂಬುವನು ಇರಲೇ ಇಲ್ಲ. ಆಗ ಅವರು ಸ್ವಲ್ಪ ನಿಂತು, ನನ್ನ ಕಡೆ ವಾಲಿ, ಇನ್ನೂ ಸಣ್ಣ ದನಿಯಲ್ಲಿ ಏನೋ ಅಂದರು. ನಾನ್ಯಾಕೆ ಯೋಚಿಸಲಿ, ಇಡೀ ಹಾಲಿಗೆ ಕೇಳುವ ಹಾಗೆ ಕೂಗಿದೆ:

"ಇದನ್ನ ಜೋರಾಗಿ ಹೇಳಬ್ಯಾಡ ತಮ್ಮಾ, ಅವತ್ತ ನಿನ್ನ ಕೊಟ್ಟದ್ದು ನನ್ನ ತಪ್ಪು."

ನನಗೆ ಏನು ಹೇಳಿದೆ ಎಂದು ತಿಳಿದದ್ದು ಆಮೇಲೆ. ಡಾಕ್ಟರ ಬೆರಳು ಆಗಲೇ ತುಟಿಯ ಮೇಲೆ ಹೋಗಿತ್ತು, ಈ ಸಲ ತಡವಾಗಿ. ಇನ್ನೊಂದು ಕೈ ಮಾತ್ರ ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ. ಮೊದಲ ಸಾಲಿನಿಂದ, ಮೈಕಿನ ಹಂಗಿಲ್ಲದೆ, ವೈನಿಯ ದನಿ ಬಂತು:

"ನಾ ಅವತ್ತ ಹೇಳಿದ್ದೆ."